ರಾಗಿಯಲ್ಲಿ ಗ್ಲುಟೆನ್ ಇಲ್ಲ, ರಾಗಿಹಿಟ್ಟಿನಲ್ಲಿ?

ಗೋಧಿಯ ಆಹಾರವೇ ಕೆಲವರ ಕರುಳಿಗೆ ಹಾನಿ ಮಾಡುತ್ತದೆ ಎಂದರೆ ನಂಬದವರೇ ಹೆಚ್ಚು. ವೈದ್ಯರು ಸೀಲಿಯಾಕ್ ಎಂದು ಕರೆಯುವ ಈ ಕಾಯಿಲೆಯ ಪರಿಚಯ ಇತ್ತೀಚಿನವರೆಗೂ ಆಸ್ಪತ್ರೆಗಳಿಗಷ್ಟೇ ಸೀಮಿತವಾಗಿತ್ತು. ಈಗ ಅದು ದಿನಸಿ ಅಂಗಡಿ, ಹಿಟ್ಟಿನ ಗಿರಣಿ ಹಾಗೂ ಸಿದ್ಧ ಆಹಾರ ತಯಾರಿಕಾ ಘಟಕಗಳ ವ್ಯವಹಾರಕ್ಕೂ ಸಂಬಂಧಪಟ್ಟ ವಿಷಯವಾಗಿದೆ. "ಗ್ಲುಟೆನ್ ರಹಿತ" ಎಂದು ಮುದ್ರಿಸಿದ ರಾಗಿಹಿಟ್ಟು, ಸಿರಿಧಾನ್ಯದ ಬಿಸ್ಕತ್ತು, ಶಾವಿಗೆಗಳು ಮಾರಾಟವಾಗುತ್ತಿವೆ. ಆ ಎರಡು ಪದಗಳು ಉತ್ಪಾದಕನ ಮೇಲೆ ಹೊರಿಸುವ ಹೊಣೆ ಎಷ್ಟು ದೊಡ್ಡದೆಂಬುದು ಮಾತ್ರ ಇನ್ನೂ ಸಾಕಷ್ಟು ಚರ್ಚೆಯಾಗಿಲ್ಲ.

ಗ್ಲುಟೆನ್ ಎಂಬುದು ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಪ್ರೋಟೀನು. ಚಪಾತಿಯ ಕಣಕಕ್ಕೆ ಜಿಗುಟು ಬರುವುದೂ ಬ್ರೆಡ್ಡು ಉಬ್ಬುವುದೂ ಗೋಧಿಯ ಈ ಅಂಶದಿಂದಲೇ. ಸೀಲಿಯಾಕ್ ಇರುವವರು ಇದನ್ನು ಸೇವಿಸಿದಾಗ ಅವರ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಹಾಳುಗೆಡಹುತ್ತದೆ. ಉಂಡ ಆಹಾರದ ಸಾರ ಮೈಗೆ ಹತ್ತದಂತಾಗುತ್ತದೆ. ಮಕ್ಕಳ ಬೆಳವಣಿಗೆ ಕುಂಠಿತಗೊಳ್ಳಬಹುದು. ದೊಡ್ಡವರಲ್ಲಿ ಭೇದಿ, ರಕ್ತಹೀನತೆ, ಮೂಳೆಗಳ ದೌರ್ಬಲ್ಯ ಕಾಣಿಸಿಕೊಳ್ಳಬಹುದು. ಹೊರಗೆ ಯಾವ ಲಕ್ಷಣವೂ ತೋರದೆ ಒಳಗೆ ಹಾನಿ ಮುಂದುವರಿಯುವುದೂ ಉಂಟು. ಜೀವನಪರ್ಯಂತ ಗ್ಲುಟೆನ್ ವರ್ಜಿಸುವುದೊಂದೇ ಇದಕ್ಕೆ ಇಂದಿಗೂ ಇರುವ ಚಿಕಿತ್ಸೆ.

ಈ ಪಥ್ಯದ ಮಹತ್ವವನ್ನು ತೋರಿಸಿಕೊಟ್ಟವರು ನೆದರ್‌ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ಗೋಧಿಯ ಬಗ್ಗೆ ಅವರಿಗೆ ಮೊದಲಿನಿಂದಲೂ ಸಂಶಯವಿತ್ತು. 1944-45ರ ಚಳಿಗಾಲದ ಕ್ಷಾಮದಲ್ಲಿ ಬ್ರೆಡ್ಡು ದುರ್ಲಭವಾದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮರಳಿ ಬಂದೊಡನೆ ಮತ್ತೆ ಹಾಸಿಗೆ ಹಿಡಿದರು. ಡಿಕ್ಕೆ ತಮ್ಮ ಸಂಶೋಧನೆಯನ್ನು 1950ರಲ್ಲಿ ಮಹಾಪ್ರಬಂಧವಾಗಿ ಮಂಡಿಸಿದರು. ಅಂದಿನಿಂದ ಈ ರೋಗಿಗಳ ಪಾಲಿಗೆ ಔಷಧದ ಅಂಗಡಿಗಿಂತ ದಿನಸಿ ಅಂಗಡಿಯೇ ಮುಖ್ಯವಾಗಿದೆ.

ದಕ್ಷಿಣ ಭಾರತದಲ್ಲಿ ಈ ಕಾಯಿಲೆ ಅಪರೂಪ, ಇದಕ್ಕಾಗಿ ಇಷ್ಟೊಂದು ಶ್ರಮವೇಕೆ ಎಂಬ ಪ್ರಶ್ನೆ ಸಹಜ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ ಉತ್ತರ ಭಾರತದಲ್ಲಿ ನೂರಕ್ಕೆ 1.23ರಷ್ಟು ಜನರಲ್ಲಿ ಸೀಲಿಯಾಕ್ ಕಂಡುಬಂದರೆ, ದಕ್ಷಿಣದಲ್ಲಿ ಆ ಪ್ರಮಾಣ 0.10 ಮಾತ್ರ. ಆದರೆ ಕರ್ನಾಟಕದ ರಾಗಿ, ಜೋಳ, ನವಣೆಗಳ ಉತ್ಪನ್ನಗಳು ಇಲ್ಲಿಯೇ ಖರ್ಚಾಗಿ ಮುಗಿಯುವುದಿಲ್ಲ. ಉತ್ತರದ ನಗರಗಳಿಗೂ ವಿದೇಶಗಳಿಗೂ ಅವು ಹೋಗುತ್ತವೆ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಈ ಧಾನ್ಯಗಳ ಪ್ರಚಾರವೂ ಹೆಚ್ಚಿದೆ. ಪೊಟ್ಟಣದ ಮೇಲಿನ ಮಾತನ್ನು ನಂಬಿ ಕೊಳ್ಳುವ ರೋಗಿ ಎಲ್ಲಿಯೇ ಇದ್ದರೂ, ಆ ಮಾತಿಗೆ ಉತ್ತರದಾಯಿ ಉತ್ಪಾದಕನೇ.

ರಾಗಿ, ಜೋಳ, ಸಜ್ಜೆ, ನವಣೆ, ಅಕ್ಕಿಗಳಲ್ಲಿ ಸ್ವಭಾವತಃ ಗ್ಲುಟೆನ್ ಇಲ್ಲ. ಆದರೆ ಗೋಧಿ ಬೀಸಿದ ಕಲ್ಲಿನಲ್ಲಿಯೇ ಬೀಸಿದ ರಾಗಿಯ ಹಿಟ್ಟಿಗೆ ಈ ಮಾತು ಅನ್ವಯಿಸದು. ಅಂತರರಾಷ್ಟ್ರೀಯ ಕೋಡೆಕ್ಸ್ ಆಯೋಗದಂತೆ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವೂ ಗ್ಲುಟೆನ್ ರಹಿತ ಆಹಾರದ ಮಿತಿಯನ್ನು ಕಿಲೋಗ್ರಾಮಿಗೆ 20 ಮಿಲಿಗ್ರಾಂ ಎಂದು ನಿಗದಿಪಡಿಸಿದೆ. ಗೋಧಿಹಿಟ್ಟಿನಲ್ಲಿ ಗ್ಲುಟೆನ್ ಸುಮಾರು ನೂರಕ್ಕೆ ಎಂಟರಷ್ಟಿದೆ ಎಂದು ಹಿಡಿದರೆ, ಒಂದು ಕ್ವಿಂಟಲ್ ರಾಗಿಹಿಟ್ಟು ಈ ಮಿತಿಯನ್ನು ಮುಟ್ಟಲು 25 ಗ್ರಾಂ ಗೋಧಿಹಿಟ್ಟು ಸಾಕು. ಅಷ್ಟು ಹಿಟ್ಟು ಗಿರಣಿಯ ಕಲ್ಲಿನ ಸಂದಿಯಲ್ಲಿ, ಜರಡಿಯಲ್ಲಿ, ಹಿಂದೆ ಗೋಧಿ ತುಂಬಿದ್ದ ಗೋಣಿಚೀಲದ ಮೂಲೆಯಲ್ಲಿ ಉಳಿದಿರುವುದು ಕಷ್ಟವೇನಲ್ಲ.

ಇಂಗಿನ ವಿಷಯವಂತೂ ವಿಶೇಷ ಗಮನಕ್ಕೆ ಅರ್ಹ. ಮಾರುಕಟ್ಟೆಯಲ್ಲಿ ದೊರೆಯುವ ಇಂಗು ಬಹುತೇಕ ಶುದ್ಧ ಇಂಗಲ್ಲ. ತೀಕ್ಷ್ಣವಾದ ಮೂಲ ಇಂಗಿಗೆ ಗೋಂದು ಮತ್ತು ಹಿಟ್ಟು ಬೆರೆಸಿ ಅದನ್ನು ಸಿದ್ಧಪಡಿಸುತ್ತಾರೆ. ಆ ಹಿಟ್ಟು ಹಲವು ಸಲ ಮೈದಾ ಇಲ್ಲವೆ ಗೋಧಿಹಿಟ್ಟೇ ಆಗಿರುತ್ತದೆ. ಇಂತಹ ಇಂಗನ್ನು ಬಳಸಿದ ಸಾರಿನ ಪುಡಿ, ಉಪ್ಪಿನಕಾಯಿ, ಹಪ್ಪಳಗಳಿಗೆ ತಯಾರಕನ ಅರಿವಿಲ್ಲದೆಯೇ ಗೋಧಿ ಸೇರಿರುತ್ತದೆ. ಅಕ್ಕಿಹಿಟ್ಟು ಬೆರೆಸಿದ ಇಂಗೂ ಲಭ್ಯವಿರುವುದರಿಂದ ಖರೀದಿಸುವಾಗ ಘಟಕಾಂಶಗಳ ಪಟ್ಟಿಯನ್ನು ಓದುವುದು ಅಗತ್ಯ. ಮಾಲ್ಟ್ ಎಂಬ ಹೆಸರೂ ಹೀಗೆಯೇ ದಾರಿ ತಪ್ಪಿಸಬಲ್ಲದು: ರಾಗಿ ಮಾಲ್ಟ್ ಬೇರೆ, ಬಾರ್ಲಿ ಮಾಲ್ಟ್ ಬೇರೆ. ಅಕ್ಕಿಯ ಇಡ್ಲಿರವೆಯನ್ನೂ ಗೋಧಿಯ ಚಿರೋಟಿರವೆಯನ್ನೂ ಒಂದೇ ಅಳತೆಯ ಪಾತ್ರೆಯಿಂದ ತೆಗೆದುಕೊಡುವ ಅಂಗಡಿಯಲ್ಲಿ ಇಡ್ಲಿರವೆಯೂ ಸುರಕ್ಷಿತವಾಗಿ ಉಳಿಯದು. ಪಥ್ಯದವರಿಗೆ ಒಳ್ಳೆಯದೆಂದು ಮಾರುವ ಖಪ್ಲಿ ಗೋಧಿಯಲ್ಲೂ ಗ್ಲುಟೆನ್ ಇದ್ದೇ ಇದೆ.

ಗ್ಲುಟೆನ್ ರಹಿತ ಆಹಾರವನ್ನು ಮೈ ಇಳಿಸುವ ಉಪಾಯವೆಂದು ಪ್ರಚಾರ ಮಾಡುವ ಪರಿಪಾಠವೂ ಈ ಅಸಡ್ಡೆಗೆ ಕಾರಣ. ಕೊಳ್ಳುವವರು ಷೋಕಿಗಾಗಿ ಕೊಳ್ಳುತ್ತಾರೆಂದು ಭಾವಿಸಿದ ತಯಾರಕನಿಗೆ ಚಿಟಿಕೆ ಗೋಧಿಹಿಟ್ಟು ದೊಡ್ಡ ವಿಷಯವೆನಿಸುವುದಿಲ್ಲ. ಆರೋಗ್ಯವಂತರಿಗೆ ಅದರಿಂದ ತೊಂದರೆಯೂ ಇಲ್ಲ. ಆದರೆ ಅದೇ ಪೊಟ್ಟಣವನ್ನು ಬೆಳವಣಿಗೆ ಕುಂಠಿತವಾದ ಮಗುವಿನ ತಾಯಿಯೂ ಕೊಳ್ಳುತ್ತಾಳೆ. ಪಥ್ಯವನ್ನು ಚಾಚೂ ತಪ್ಪದೆ ಪಾಲಿಸಿದರೂ ಮಗು ಏಕೆ ಚೇತರಿಸಿಕೊಳ್ಳುತ್ತಿಲ್ಲವೆಂದು ತಿಳಿಯದೆ ಆಕೆ ಆಸ್ಪತ್ರೆಗೆ ಅಲೆಯಬೇಕಾಗುತ್ತದೆ.

ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. ಗ್ಲುಟೆನ್ ಇರುವ ಧಾನ್ಯಗಳನ್ನು ಬಳಸಿದ್ದರೆ ಲೇಬಲ್ಲಿನಲ್ಲಿ ಅದನ್ನು ಘೋಷಿಸಬೇಕೆಂದು 2020ರ ಲೇಬಲ್ ನಿಯಮಗಳು ವಿಧಿಸುತ್ತವೆ. ತಪ್ಪು ಲೇಬಲ್ ಹಚ್ಚಿದ ಆಹಾರಕ್ಕೆ 2006ರ ಆಹಾರ ಸುರಕ್ಷತಾ ಕಾಯಿದೆಯಲ್ಲಿ 3 ಲಕ್ಷ ರೂಪಾಯಿಗಳವರೆಗೆ, ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡಕ್ಕೆ ಅವಕಾಶವಿದೆ.

ಪ್ರತ್ಯೇಕ ಯಂತ್ರ ಮತ್ತು ಪ್ರಯೋಗಾಲಯದ ಪರೀಕ್ಷೆಯ ವೆಚ್ಚ ಸಣ್ಣ ಘಟಕಗಳಿಗೆ ಭಾರವೆಂಬುದು ನಿಜ. ಒಬ್ಬರಿಂದಾಗದ್ದು ಹಲವರು ಸೇರಿದರೆ ಸಾಧ್ಯ. ಗೋಧಿ, ಬಾರ್ಲಿಗಳಿಗೆ ಪ್ರವೇಶವೇ ಇಲ್ಲದ ಒಂದು ಗಿರಣಿಯನ್ನು ಕೈಗಾರಿಕಾ ವಸಾಹತಿನಲ್ಲಿ ಹತ್ತಾರು ಉತ್ಪಾದಕರು ಕೂಡಿ ನಡೆಸಬಹುದು. ಹೊಸ ಚೀಲಗಳಲ್ಲೇ ಧಾನ್ಯ ತರಿಸಿ, ಪ್ರತಿ ತಂಡದ ಹಿಟ್ಟಿನ ಮಾದರಿಯನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಿ, ಅದರ ವೆಚ್ಚವನ್ನು ಹಂಚಿಕೊಳ್ಳಬಹುದು. ಇಂತಹ ಏರ್ಪಾಡಿಗೆ ವಾಣಿಜ್ಯ ಮಂಡಳಿಗಳೇ ಮುಂದಾಗುವುದು ಉಚಿತ.

ಅಲ್ಲಿಯವರೆಗೆ ಮಾಡಬೇಕಾದುದು ಸರಳವಾಗಿದೆ. ಪರೀಕ್ಷೆಯಾಗದ ಹಿಟ್ಟಿನ ಮೇಲೆ "ಗ್ಲುಟೆನ್ ರಹಿತ" ಎಂದು ಮುದ್ರಿಸಬಾರದು. ಗೋಧಿ ಬೀಸುವ ಗಿರಣಿಯದಾದರೆ ಗೋಧಿಯ ಅಂಶ ಇರಬಹುದೆಂದು ತಿಳಿಸಬೇಕು. ಇದರಿಂದ ಕೆಲವು ಗಿರಾಕಿಗಳು ಕೈತಪ್ಪಬಹುದು. ಆದರೆ ಕರ್ನಾಟಕದ ರಾಗಿಗೆ ಇರುವ ಒಳ್ಳೆಯ ಹೆಸರು ಯಾವ ಒಬ್ಬ ವರ್ತಕನ ಸ್ವತ್ತೂ ಅಲ್ಲ. ಒಬ್ಬನ ಸುಳ್ಳು ಮುದ್ರೆಯಿಂದ ಆ ಹೆಸರು ಕೆಟ್ಟರೆ ನಷ್ಟ ಅನುಭವಿಸುವವರು ಪ್ರಾಮಾಣಿಕವಾಗಿ ದುಡಿಯುವ ಎಲ್ಲರೂ ಎಂಬುದನ್ನು ವರ್ತಕ ಸಮುದಾಯ ಮನಗಾಣಬೇಕು.