ಮರಿಯ ಲೆಕ್ಕ ಸಾಕು, ನೀರಿನ ಲೆಕ್ಕ ಕೊಡಿ

ಈ ವರ್ಷ ಕೆರೆ, ಜಲಾಶಯಗಳಿಗೆ ಎಷ್ಟು ಲಕ್ಷ ಮೀನುಮರಿ ಬಿಟ್ಟರು ಎಂಬ ಅಂಕಿಯನ್ನು ಬೀದರ್ ಜಿಲ್ಲೆ ಇನ್ನು ಕೈಬಿಡಬಹುದು. ಅದರಿಂದ ಖರ್ಚಾದ ಹಣ ತಿಳಿಯುತ್ತದೆಯೇ ಹೊರತು ಮುಂದೆ ಬಲೆಗೆ ಬೀಳುವ ಮೀನು ತಿಳಿಯುವುದಿಲ್ಲ. 2020ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮತ್ಸ್ಯ ಸಂಪದ ಯೋಜನೆಯ ಐದು ವರ್ಷ ಮುಗಿಯಿತು, 2025–26ರವರೆಗೆ ವಿಸ್ತರಣೆಯೂ ಸಿಕ್ಕಿತು. ಮೀನು ಕೃಷಿಯ ಇಳುವರಿಯನ್ನು ಹೆಕ್ಟೇರಿಗೆ 3 ಟನ್‌ನಿಂದ 5 ಟನ್‌ಗೆ ಏರಿಸುವುದು ಅದರ ಗುರಿ. ನಮ್ಮ ಕಡೆಯ ಚರ್ಚೆ ಮಾತ್ರ ನಿಂತಲ್ಲೇ ನಿಂತಿದೆ: ಕಲ್ಯಾಣ ಕರ್ನಾಟಕಕ್ಕೆ ಇನ್ನಷ್ಟು ಮರಿ ಕೊಡಿ, ಇನ್ನೊಂದು ಮರಿಪಾಲನಾ ಕೇಂದ್ರ ಕೊಡಿ. ಕೊಡಲಿ, ಬೇಡ ಎನ್ನುವವರಾರು? ಆದರೆ ಬಂದ ಮರಿ ತಿನ್ನುವುದೇನು?

ಮರಿ ಸಾಕಿದವರಿಗೆಲ್ಲ ಗೊತ್ತಿರುವ, ಜಿಲ್ಲೆಯ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯ ಚರ್ಚೆಗೆ ಮಾತ್ರ ಬಾರದ ಒಂದು ಅಳತೆಯಿದೆ: 50 ಲೀಟರ್ ನೀರಿಗೆ 1ರಿಂದ 2 ಮಿಲಿಲೀಟರ್ ಪ್ಲವಕ, ಅಂದರೆ ನೀರಲ್ಲಿ ತೇಲುವ ಸೂಕ್ಷ್ಮ ಜೀವಿಗಳು. ಕೊಳದ ನಾಲ್ಕಾರು ಕಡೆಯಿಂದ ಮಗ್ಗಿನಲ್ಲಿ ಮೊಗೆದ 50 ಲೀಟರ್ ನೀರನ್ನು ನವಿರು ಬಟ್ಟೆಯ ಪ್ಲಾಂಕ್ಟನ್ ಬಲೆಯಲ್ಲಿ ಸೋಸುತ್ತಾರೆ. ಬಲೆಯ ತುದಿಗೆ ಕಟ್ಟಿದ ಗಾಜಿನ ಕೊಳವೆಯಲ್ಲಿ ಉಳಿದದ್ದಕ್ಕೆ ಚಿಟಿಕೆ ಉಪ್ಪು ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಜೀವಿಗಳು ಸತ್ತು ತಳಕ್ಕಿಳಿಯುತ್ತವೆ. ಹಸಿರಾಗಿದ್ದರೆ ಪಾಚಿಯೇ ಹೆಚ್ಚು, ಕಂದಾಗಿದ್ದರೆ ಪ್ರಾಣಿಪ್ಲವಕ. ಆ ಕಂದು ಗಸಿ ಒಂದು ಮಿಲಿಲೀಟರಿನ ಗೆರೆ ಮುಟ್ಟದಿದ್ದರೆ ಆ ಕೊಳಕ್ಕೆ ಸ್ಪಾನ್ (ಮೊಟ್ಟೆಯೊಡೆದು ಕೆಲವೇ ದಿನಗಳಾದ ಮರಿ) ಬಿಡಬಾರದು. ಸಗಣಿ, ಶೇಂಗಾ ಹಿಂಡಿ ಹಾಕಿ ಇನ್ನಷ್ಟು ದಿನ ಕಾಯಬೇಕು. ಹದ ನೋಡದೆ ತೊಗರಿ ಬಿತ್ತುವ ರೈತ ಹುಮನಾಬಾದ್ ತಾಲ್ಲೂಕಿನಲ್ಲಿ ಸಿಗಲಾರ. ಮೀನು ಬಿತ್ತುವಾಗ ಮಾತ್ರ ಲಾರಿ ಬಂದ ದಿನವೇ ಮುಹೂರ್ತ.

ಕಾಯುವುದು ಏಕೆ? ಮೊಟ್ಟೆಯೊಡೆದ ಕಟ್ಲಾ ಮರಿ ಸುಮಾರು ಮೂರು ದಿನ ಹೊಟ್ಟೆಗಂಟಿದ ಹಳದಿ ಚೀಲದ ಬಲದಲ್ಲೇ ಇರುತ್ತದೆ. ಅದು ಕರಗಿದ ಮೇಲೆ ಪುಟ್ಟ ಬಾಯಿಗೆ ಹಿಡಿಸುವ ರೋಟಿಫರ್ ಎಂಬ ಪ್ರಾಣಿಪ್ಲವಕ, ಆಮೇಲೆ ಮೊಯಿನಾದಂಥ ನೀರುಚಿಗಟ ಸಿಕ್ಕರೆ ಉಳಿಯಿತು. ಕೆಲವು ಪ್ರಾಣಿಪ್ಲವಕಗಳ ಬಾಲ್ಯಕ್ಕೂ ಇದೇ ನಿಯಮ. ಇದನ್ನು ಬಿಡಿಸಿ ನೋಡಿದವರು ಸಮುದ್ರ ವಿಜ್ಞಾನಿಗಳು. ಉತ್ತರ ಅಟ್ಲಾಂಟಿಕ್‌ನ ಕಲಾನಸ್ ಎಂಬ ಕೋಪೆಪಾಡ್ (ಸಿಗಡಿ ಬಳಗದ ಪುಟ್ಟ ಪ್ರಾಣಿಪ್ಲವಕ) ಬಾಲ್ಯದಲ್ಲಿ ಆರು ನಾಪ್ಲಿಯಸ್ ಹಂತ ದಾಟುತ್ತದೆ. ಮೊದಲೆರಡರಲ್ಲಿ ಅದು ಏನನ್ನೂ ತಿನ್ನುವುದಿಲ್ಲ. ಆ ಹಂತಗಳು ಎಷ್ಟು ಬೇಗ ಮುಗಿಯುತ್ತವೆ ಎಂಬುದು ನೀರಿನ ಬಿಸಿಗೆ ಬಿಟ್ಟದ್ದು. ಮೂರನೆಯದರಿಂದ ಊಟ ಶುರು, ಅಲ್ಲಿಂದಾಚೆ ಬಿಸಿಯೊಂದೇ ಸಾಲದು. ನೀರು ಬೆಚ್ಚಗಿದ್ದಷ್ಟೂ ದೇಹದ ಖರ್ಚು ಹೆಚ್ಚು, ಉಪವಾಸ ತಡೆದುಕೊಳ್ಳುವ ಗಡುವು ಕಡಿಮೆ. 1992ರಲ್ಲಿ ಹಂಟ್ಲಿ ಮತ್ತು ಲೋಪೆಜ್ 33 ಜಾತಿಯ ಕೋಪೆಪಾಡ್‌ಗಳ ಮಾಹಿತಿ ಕಲೆಹಾಕಿ, ಬೆಳವಣಿಗೆಯ ವೇಗದಲ್ಲಿನ ಏರುಪೇರಿನ ಶೇ 90ಕ್ಕೂ ಹೆಚ್ಚು ಭಾಗವನ್ನು ಉಷ್ಣಾಂಶವೊಂದೇ ವಿವರಿಸುತ್ತದೆ ಎಂದರು. ಮುಂದೆ ಇದಕ್ಕೆ ಆಕ್ಷೇಪ ಬಂತು: ನಿಜವಾದ ಸಮುದ್ರದಲ್ಲಿ ಹೊಟ್ಟೆತುಂಬ ಊಟ ಯಾವಾಗಲೂ ಇರುತ್ತದೆಂದು ಹೇಳಿದವರಾರು? ಬೀದರ್‌ನ ಬಿತ್ತನೆ ಗುರಿಗಳನ್ನು ನೋಡಿದರೆ, ಬಿಸಿಲಿದೆ, ನೀರಿದೆ, ಮೀನು ತಾನಾಗಿ ಬೆಳೆಯುತ್ತದೆ ಎಂಬ ನಂಬಿಕೆ ಇಲ್ಲಿ ಇನ್ನೂ ಗಟ್ಟಿಯಾಗಿದೆ.

ಸಂಖ್ಯೆಯ ಭಕ್ತರು ನಾರ್ವೆಯತ್ತ ಒಮ್ಮೆ ನೋಡಬೇಕು. ಅರೆಂಡಾಲ್ ಬಳಿಯ ಫ್ಲೋಡೆವಿಗೆನ್‌ನಲ್ಲಿ ಡಾನೆವಿಗ್ ಎಂಬ ಹಡಗಿನ ಕಪ್ತಾನ 1882ರಲ್ಲಿ ಕಾಡ್ ಮೀನಿನ ಮರಿಕೇಂದ್ರ ಕಟ್ಟಿದ. ಹಳದಿ ಚೀಲ ಇನ್ನೂ ಕರಗದ ಮರಿಗಳನ್ನು ಕೋಟಿಗಟ್ಟಲೆ ಕರಾವಳಿಯ ನೀರಿಗೆ ಸುರಿದರು. ಯೋಹಾನ್ ಯೋರ್ಟ್ ಎಂಬ ವಿಜ್ಞಾನಿ ಇದರ ಬಗ್ಗೆ ಅನುಮಾನ ಎತ್ತಿದ್ದ. ಮೀನಿನ ಒಂದು ತಲೆಮಾರಿನ ಹಣೆಬರಹ ತೀರ್ಮಾನವಾಗುವುದು ಮೊಟ್ಟೆಗಳ ಸಂಖ್ಯೆಯಿಂದಲ್ಲ, ಮರಿಗೆ ಮೊದಲ ತುತ್ತು ಸಿಕ್ಕಿತೇ ಇಲ್ಲವೇ ಎಂಬುದರಿಂದ ಇರಬಹುದು ಎಂದು 1914ರಲ್ಲಿ ಬರೆದ. ಸುರಿಯುವುದು ನಿಂತದ್ದು 1971ರಲ್ಲಿ. ಅಷ್ಟು ದಶಕಗಳ ಕೆಲಸದಿಂದ ಮೀನು ಹೆಚ್ಚಿತೆಂದು ತೋರಿಸುವ ಪುರಾವೆ ಮಾತ್ರ ಸಿಗಲಿಲ್ಲ. ಶ್ರೀಮಂತ ದೇಶ, ತಡೆದುಕೊಂಡಿತು.

ಈಗ ನಮ್ಮ ನೀರಿಗೆ ಬನ್ನಿ. ಮುಂಗಾರಿನ ಮೊದಲ ದೊಡ್ಡ ಮಳೆಗಳಿಗೆ ಹುಮನಾಬಾದ್ ಕಡೆಯ ಕೆಂಪು ಮಣ್ಣೂ ಎರೆ ಹೊಲಗಳ ಕಪ್ಪು ಮಣ್ಣೂ ಕೊಚ್ಚಿಕೊಂಡು ಕಾರಂಜಾ ಜಲಾಶಯಕ್ಕೆ, ಬಸವಕಲ್ಯಾಣದ ಚುಳಕಿ ನಾಲಾ ಜಲಾಶಯಕ್ಕೆ ಇಳಿಯುತ್ತವೆ. ನೀರು ರಾಡಿಯಾಗಿ ಬೆಳಕು ಒಳಗಿಳಿಯದೆ ಪಾಚಿ ಕುಗ್ಗುತ್ತದೆ, ಪಾಚಿ ತಿನ್ನುವ ಪ್ಲವಕವೂ ಕುಗ್ಗುತ್ತದೆ. ಮಳೆಗಾಲದ ಈ ಇಳಿತ ದಖ್ಖನ್ನಿನ ಜಲಾಶಯಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಕಾರಂಜಾದ ಪ್ರಾಣಿಪ್ಲವಕಗಳ ಬಗ್ಗೆಯೇ ಗುಲ್ಬರ್ಗಾ ವಿಶ್ವವಿದ್ಯಾಲಯದ ಸಂಶೋಧಕರ ಪ್ರಬಂಧ 2009ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಬಿತ್ತನೆಯ ದಿನ ಗೊತ್ತುಮಾಡುವವರು ಅದನ್ನು ತೆರೆದು ನೋಡಬೇಡವೇ?

ಜಲಾಶಯಕ್ಕೆ ಬಿಡುವುದು ಬೆರಳುದ್ದದ ಬಲಿತ ಮರಿ, ಅದಕ್ಕೆ ಈ ರಗಳೆ ಬೇಕಿಲ್ಲ ಎನ್ನುವವರಿದ್ದಾರೆ. ಅರ್ಧ ಸರಿ. ಆದರೆ ಬಲಿತ ಮರಿಯೂ ಯಾವುದೋ ಕೊಳದಲ್ಲಿ ಸ್ಪಾನ್ ಆಗಿದ್ದದ್ದೇ. ಕಟ್ಲಾವಂತೂ ದೊಡ್ಡದಾದ ಮೇಲೂ ಪ್ರಾಣಿಪ್ಲವಕ ತಿಂದೇ ಬೆಳೆಯುವ ಮೀನು. ಹತ್ತು ಸೆಂಟಿಮೀಟರ್ ದಾಟಿದ ಮರಿಯನ್ನೇ ಬಿಡಬೇಕೆಂಬ ಸಲಹೆಯನ್ನು ಎಲ್ಲರೂ ಎಷ್ಟು ಪಾಲಿಸುತ್ತಾರೆ ಎಂಬುದು ದಂಡೆಯಲ್ಲಿ ನಿಂತು ಚೀಲದೊಳಗೆ ಇಣುಕಿದವರಿಗೆ ಗೊತ್ತು. ದೇಶದ ಸಣ್ಣ ಜಲಾಶಯಗಳ ಸರಾಸರಿ ಇಳುವರಿ ಹೆಕ್ಟೇರಿಗೆ ಸುಮಾರು 50 ಕಿಲೋ, ಮಧ್ಯಮ ಜಲಾಶಯಗಳದ್ದು 12 ಕಿಲೋ ಎಂದು ವಿ.ವಿ. ಸುಗುಣನ್ 1995ರಲ್ಲೇ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗೆ ಬರೆದುಕೊಟ್ಟಿದ್ದರು. ಹಳೆಯ ಅಂಕಿ, ಒಪ್ಪೋಣ. 5 ಟನ್ ಕೊಳದ ಗುರಿ, ಜಲಾಶಯದ್ದಲ್ಲ, ಅದನ್ನೂ ಒಪ್ಪೋಣ. ಹಾಗಾದರೆ ಕಾರಂಜಾದ ಇಂದಿನ ಅಂಕಿ ಎಷ್ಟು? ಬಿಟ್ಟ ಮರಿಯ ಲೆಕ್ಕದ ಪಕ್ಕದಲ್ಲೇ ಅದನ್ನೂ ಪ್ರಕಟಿಸಲಿ.

ರಾಜ್ಯದ ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವುದು ಬೀದರ್‌ನಲ್ಲಿ. ಅದರ ಮೀನುಗಾರಿಕೆ ಕಾಲೇಜು ಇರುವುದು ಮಂಗಳೂರಿನಲ್ಲಿ, 1969ರಿಂದ. ದೂರದ ನೆಪ ಸಾಕು. ಮುಂಗಾರಿಗೆ ಮುಂಚಿನಿಂದ ದೀಪಾವಳಿವರೆಗೆ ವಾರಕ್ಕೊಮ್ಮೆ ಕಾರಂಜಾ, ಚುಳಕಿ ನಾಲಾ ಜಲಾಶಯಗಳ ಮತ್ತು ತ್ರಿಪುರಾಂತ ಕೆರೆಯ ನೀರಿನ ಉಷ್ಣಾಂಶ ಮತ್ತು ಪ್ಲವಕದ ಅಳತೆ ಬರೆದಿಡುವುದು ಇಬ್ಬರು ವಿದ್ಯಾರ್ಥಿಗಳ ಕೆಲಸ. ಬೇಕಾದದ್ದು ಬಲೆ, ಥರ್ಮಾಮೀಟರ್, ಗೆರೆ ಹಾಕಿದ ಕೊಳವೆ. ಮೀನುಗಾರರ ಸಹಕಾರ ಸಂಘದ ಹುಡುಗರಿಗೆ ಇದನ್ನು ಕಲಿಸಲು ಒಂದು ಮಧ್ಯಾಹ್ನ ಸಾಕು. ಮರಿ ಪೂರೈಕೆಯ ಟೆಂಡರ್‌ನಲ್ಲಿ ತಾರೀಖಿನ ಬದಲು ಈ ಅಳತೆಯನ್ನು ಷರತ್ತಾಗಿ ಸೇರಿಸಲು ಇಲಾಖೆಗೆ ಹೊಸ ಯೋಜನೆಯೂ ಬೇಡ, ಹೊಸ ಅನುದಾನವೂ ಬೇಡ. ಮುಂದಿನ ಬಿತ್ತನೆಗೆ ಮೊದಲು ಒಂದು ಸುತ್ತೋಲೆ ಹೊರಟರೆ ಆಯಿತು.