ಎಬ್ರೊ ದಡದ ಬಾಲಕರು

ಸ್ಪೇನಿನ ಅಂತರ್ಯುದ್ಧದಲ್ಲಿ, 1938ರ ಜುಲೈ 25ರಂದು, ಗಣರಾಜ್ಯದ ಸೇನೆ ಎಬ್ರೊ ನದಿಯನ್ನು ದಾಟಿತು. ಅದರಲ್ಲಿ 17-18ರ ಹರೆಯದವರೂ ಇದ್ದರು. ಅವರಿಗೆ ‘ಹಾಲುಬಾಟಲಿಯ ಪಡೆ’ ಎಂದೇ ಹೆಸರಾಯಿತು. ಯುರೋಪಿನ ನೆರವು ಒದಗುವವರೆಗೆ ಹೋರಾಟವನ್ನು ಮುಂದುವರಿಸಬೇಕೆಂಬುದು ಪ್ರಧಾನಿ ನೆಗ್ರಿನರ ಎಣಿಕೆ. ಸೆಪ್ಟೆಂಬರಿನ ಮ್ಯೂನಿಕ್ ಒಪ್ಪಂದದಿಂದ ಆ ಆಸೆ ಕಮರಿತು. ಕಾಳಗವಾದರೋ ನವೆಂಬರ್ 16ರವರೆಗೂ ನಡೆಯಿತು. ಅತ್ತ ಫ್ರಾಂಕೊ ಸಂಧಾನವನ್ನೊಲ್ಲದೆ ಬೇಷರತ್ ಶರಣಾಗತಿಯನ್ನೇ ಬಯಸಿದನು.

‘ಇದು ಅನಿವಾರ್ಯವಾಗಿತ್ತು’ ಎನ್ನುವ ಪಂಡಿತರನ್ನು ಕೇಳೋಣ: ಯಾರಿಗೆ ಅನಿವಾರ್ಯ? ಕೈಗೆ ರಕ್ತ ಅಂಟಲಿಲ್ಲವೆಂದ ಮಾತ್ರಕ್ಕೆ ಆಜ್ಞೆಯಿತ್ತವನು ನಿರ್ದೋಷಿಯೆ? ಕೊಲ್ಲುವುದು, ಕೊಲ್ಲಿಸುವುದು, ಅದಕ್ಕೆ ತಲೆದೂಗುವುದು ಮೂರೂ ಹಿಂಸೆಯೇ. ಮೂರನೆಯದು ಓದುಗರಾದ ನಮ್ಮದು. ರಣತಂತ್ರವನ್ನು ಕೊಂಡಾಡುವ ಮುನ್ನ, ಇಂದಿಗೂ ಹಾಗೆಯೇ ಉಳಿಸಿರುವ ಕೊರ್ಬೆರಾ ಊರಿನ ಪಾಳುಗೋಡೆಗಳನ್ನು ನೆನೆಯೋಣ.