ಪದರವೂ ಮುಸುಕೂ: ಫ್ರಾಕ್ಟಲ್ ಚಿತ್ರಗಳ ಮೇಲಣ ಆಕ್ಷೇಪಕ್ಕೆ ಸಮಾಧಾನ

ಗಣಕಯಂತ್ರದಿಂದ ರಚಿಸಲ್ಪಡುವ ಫ್ರಾಕ್ಟಲ್ ಚಿತ್ರಗಳ ವಿಷಯದಲ್ಲಿ ಎರಡು ಆಕ್ಷೇಪಗಳು ಬಹುಕಾಲದಿಂದ ಕೇಳಿಬರುತ್ತಿರುವುವು. ಸೂತ್ರವನ್ನು ಕೊಟ್ಟೊಡನೆ ಯಂತ್ರವೇ ಎಲ್ಲವನ್ನೂ ಬರೆಯುವುದರಿಂದ ಅಲ್ಲಿ ಕಲಾವಿದನೆಂಬವನೇ ಇಲ್ಲವೆಂಬುದು ಒಂದು ಪಕ್ಷ. ಪದರದ ಮೇಲೆ ಪದರವನ್ನಿರಿಸಿ, ಅಲ್ಲಲ್ಲಿ ಮುಸುಕೆಳೆದು ಮಾಡಿದ ಚಿತ್ರದಲ್ಲಿ ಗಣಿತದ ಶುದ್ಧಿಯು ಕೆಡುವುದೆಂಬುದು ಇನ್ನೊಂದು ಪಕ್ಷ. ಮನುಷ್ಯನ ಕೈಗೆಲಸವು ಮೊದಲಿನವರಿಗೆ ಸಾಲದು. ಎರಡನೆಯವರಿಗೆ ಅದೇ ಅತಿಯಾಯಿತು. ಈ ಎರಡು ಪಕ್ಷಗಳೂ ವಿಚಾರಕ್ಕೆ ನಿಲ್ಲತಕ್ಕವಲ್ಲ.

ಫ್ರಾಕ್ಟಲ್ ಎಂಬ ಹೆಸರನ್ನು ೧೯೭೫ರಲ್ಲಿ ಇಟ್ಟವನು ಮ್ಯಾಂಡೆಲ್‌ಬ್ರಾಟ್ ಎಂಬ ಗಣಿತಜ್ಞ. ಅವನ ಹೆಸರಿನಿಂದ ಪ್ರಸಿದ್ಧವಾದ ಗಣದ ಸೂತ್ರವು ಅತ್ಯಲ್ಪವಾದುದು: ಸೊನ್ನೆಯಿಂದ ಮೊದಲುಮಾಡಿ, ಬಂದುದನ್ನು ವರ್ಗಮಾಡಿ, ಗೊತ್ತಾದ ಒಂದು ಸಂಖ್ಯೆಯನ್ನು ಕೂಡಿಸುತ್ತ ಹೋಗುವುದು. ಕೂಡಿಸುವ ಸಂಖ್ಯೆಯು ೧ ಆದರೆ ೦, ೧, ೨, ೫, ೨೬ ಎಂದು ಮೇರೆಯಿಲ್ಲದೆ ಬೆಳೆಯುವುದು. ಋಣ ೧ ಆದರೆ ಸೊನ್ನೆಗೂ ಋಣ ಒಂದಕ್ಕೂ ನಡುವೆ ತೂಗಾಡುತ್ತ ನಿಲ್ಲುವುದು. ಸಮತಲದ ಒಂದೊಂದು ಬಿಂದುವನ್ನೂ ಒಂದೊಂದು ಸಂಖ್ಯೆಯೆಂದೆಣಿಸಿ ಹೀಗೆ ಪರೀಕ್ಷಿಸಿದರೆ, ನಿಂತವು ಗಣದೊಳಗೆ, ಓಡಿದವು ಹೊರಗೆ. ಎಷ್ಟನೆಯ ಆವೃತ್ತಿಯಲ್ಲಿ ಮೇರೆಯನ್ನು ಮೀರಿತೆಂಬುದನ್ನು ಸೂತ್ರವು ಹೇಳುವುದು. ಆ ಎಣಿಕೆಗೆ ಯಾವ ವರ್ಣವನ್ನು ಕೊಡಬೇಕು, ಅನಂತವಾದ ಆ ಅಂಚಿನಲ್ಲಿ ಯಾವ ತುಣುಕನ್ನು ಚೌಕಟ್ಟಿಗೆ ತರಬೇಕು ಎಂಬುದನ್ನು ಅದು ಹೇಳದು. ಅದನ್ನು ಹೇಳತಕ್ಕವನೇ ಕಲಾವಿದನು. ಇಂತಹ ಆವರ್ತನಗಳ ಗಣಿತವನ್ನು ಗಾಸ್ತೋಂ ಜೂಲಿಯಾ ೧೯೧೮ರಲ್ಲಿಯೇ ಬರೆದಿದ್ದನು, ಆಗ ಗಣಕಯಂತ್ರವೆಲ್ಲಿತ್ತು? ಯಂತ್ರವು ಕಣ್ಣಿಗೆ ಕಾಣಿಸಿತೇ ಹೊರತು ಕಲ್ಪಿಸಲಿಲ್ಲ.

ಇನ್ನು ಶುದ್ಧಿವಾದಿಗಳ ಮಾತು. ಮುಸುಕಿನಲ್ಲಿ ಬಿಳಿಯಿರುವೆಡೆ ಪದರವು ಕಾಣುವುದು, ಕಪ್ಪಿರುವೆಡೆ ಮರೆಯಾಗುವುದು, ಬೂದುಬಣ್ಣವಿರುವೆಡೆ ಅರೆಯಾಗಿ ತೋರುವುದು. ಮರೆಯಾದುದು ಅಳಿಯುವುದಿಲ್ಲ, ಮುಸುಕನ್ನು ತೆಗೆದರೆ ಮೊದಲಿನಂತೆಯೇ ಇರುವುದು. ವ್ಯಾಕರಣದಲ್ಲಿ ಉತ್ಸರ್ಗವೆಂಬ ಸಾಮಾನ್ಯವಿಧಿಯೂ ಅಪವಾದವೆಂಬ ವಿಶೇಷವಿಧಿಯೂ ಉಂಟಷ್ಟೆ. ಅಪವಾದವು ತನ್ನೆಡೆಯಲ್ಲಿ ಮಾತ್ರ ಉತ್ಸರ್ಗವನ್ನು ತಡೆಯುವುದು. ಅಷ್ಟರಿಂದ ಪಾಣಿನಿಯ ಶಾಸ್ತ್ರವು ಅಶುದ್ಧವಾಯಿತೆಂದವರುಂಟೆ? ಮೇಲಾಗಿ ಪದರಗಳ ಕೂಡಿಕೆಯೂ ಗಣಿತವೇ. ಗುಣಾಕಾರಕ್ರಮದಿಂದ ಕೂಡಿಸಿದರೆ ವರ್ಣಗಳು ಕಂದುವುವು. ಏಕೆಂದರೆ ಸೊನ್ನೆಗೂ ಒಂದಕ್ಕೂ ನಡುವಣ ಎರಡು ಭಿನ್ನರಾಶಿಗಳ ಗುಣಲಬ್ಧವು ಎರಡಕ್ಕಿಂತಲೂ ಕಡಮೆ. ಅಲ್ಟ್ರಾ ಫ್ರಾಕ್ಟಲ್ ಎಂಬ ತಂತ್ರಾಂಶದಲ್ಲಂತೂ ಮುಸುಕು ತಾನೇ ಇನ್ನೊಂದು ಸೂತ್ರದಿಂದ ಹುಟ್ಟಿದ ಪದರವಾಗಬಲ್ಲುದು. ಗಣಿತದ ಮೇಲೆ ಗಣಿತವನ್ನಿರಿಸಿದರೆ ಮೈಲಿಗೆಯೆಲ್ಲಿಂದ ಬಂದಿತು?

ಹಾಗೆಂದು ಪದರಗಳನ್ನು ರಾಶಿಹಾಕುವುದೇ ಕಲೆಯೆಂದು ಯಾರೂ ಭ್ರಮಿಸಬಾರದು. ಒಂದು ಸುರುಳಿಯ ದೌರ್ಬಲ್ಯವನ್ನು ಇಪ್ಪತ್ತು ಪದರಗಳಿಂದ ಮುಚ್ಚುವವರೂ ಇರುವರು. ಅವರ ಚಿತ್ರಗಳಲ್ಲಿ ಕಣ್ಣಿಗೆ ಧೂಳೆರಚಿದಂತಹ ಹೊಳಪಲ್ಲದೆ ಬೇರೇನೂ ಇರದು. ೧೧ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯಕ್ಕೆ ಔಚಿತ್ಯವೇ ಜೀವವೆಂದನು. ಆ ನಿಕಷವು ಇಲ್ಲಿಯೂ ಸಲ್ಲುವುದು. ಪದರವೊಂದನ್ನು ಮರೆಮಾಡಿ ನೋಡಿದಾಗ ಚಿತ್ರಕ್ಕೆ ನಷ್ಟವಾಗದಿದ್ದರೆ ಆ ಪದರವು ವ್ಯರ್ಥ. ದೋಷವು ಆ ಕೈಯದು, ಉಪಾಯದ್ದಲ್ಲ.

ಈ ವಿವಾದವು ಹಳೆಯದು. ಫ್ರಾಕ್ಟಲ್ ಕಲೆಯು ಯಂತ್ರದ ಸ್ವಂತ ಕೃತಿಯಲ್ಲ, ಎಲ್ಲರಿಂದಲೂ ಆಗುವಂತಹುದೂ ಅಲ್ಲವೆಂದು ಕೆರಿ ಮಿಚೆಲ್ ಎಂಬವನು ೧೯೯೯ರಲ್ಲಿಯೇ ಘೋಷಣಾಪತ್ರವನ್ನು ಬರೆದನು. ಇಂದು ನಾಲ್ಕು ಮಾತುಗಳನ್ನಾಡಿದರೆ ಚಿತ್ರವನ್ನು ಬರೆದುಕೊಡುವ ಯಂತ್ರಗಳು ಬಂದಿರುವುದರಿಂದ ಆ ಪ್ರಶ್ನೆಯು ಮತ್ತಷ್ಟು ತೀಕ್ಷ್ಣವಾಗಿದೆ. ಯಂತ್ರದಿಂದ ಬಂದುದೆಲ್ಲವೂ ಒಂದೇ ಎಂದು ತಳ್ಳಿಹಾಕುವವರು, ಬೇಡಿ ಪಡೆದವನನ್ನೂ ಒಂದೊಂದು ಮುಸುಕಿನ ಅಂಚನ್ನೂ ತಾನೇ ನಿರ್ಣಯಿಸಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವರು. ಮಕ್ಕಳು ಇಂತಹ ಚಿತ್ರವನ್ನು ಮಾಡಿ ತಂದು ತೋರಿಸಿದಾಗ ಹಿರಿಯರು "ಯಂತ್ರ ಮಾಡಿತಲ್ಲವೇ?" ಎಂದು ಮುಖ ತಿರುಗಿಸಬಾರದು, "ಇಲ್ಲಿ ಏನನ್ನು ಮರೆಮಾಡಿದೆ? ಏಕೆ?" ಎಂದು ಕೇಳಬೇಕು. ಉತ್ತರ ಹೇಳಬಲ್ಲ ಮಗುವಿಗೆ ಕಲೆಯ ಮೊದಲ ಪಾಠವು ಬಂದಿತೆಂದೇ ತಿಳಿಯತಕ್ಕದ್ದು.